ಗೆಳೆಯನಿಗೊಂದು ಪತ್ರ: ನಿಧಿ ಎತ್ತದವರ ಸಾಹಸ

ಗಂಗಾವತಿ

ಪ್ರೀತಿಯ ದೋಸ್ತ,

ಟೇಬಲ್ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತ ಕತೆ ನಡೆಸುವ ಆಟಕ್ಕೆಂದು ಪುಣೆಯಲ್ಲಿ ನಿನ್ನ ರೂಮಿಗೆ ಬರುವ ಗುಂಪಿಗೆ ಒಂದು ಸಾಹಸದ ಕತೆ ಬೇಕು, ಪಿರಮಿಡ್ಡು, ಮಮ್ಮಿ, ಶಾಪ, ಟಾರ್ಚು ಎಲ್ಲ ಇರಲಿ ಅಂತ ಬರೆದಿದ್ದಿ. ಶಾಪ ಕೊಡುತ್ತೇನೆ, ಕತ್ತಲೆಯನ್ನೂ ಕೊಡುತ್ತೇನೆ. ಪಿರಮಿಡ್ಡು ಮಾತ್ರ ಬೇಡ. ಕತೆ ನಮ್ಮ ಗುಡ್ಡಗಳಲ್ಲೇ ನಡೆಯಲಿ, ಇಸವಿ 1931 ಇರಲಿ. ಯಾಕೆ ಅಂತ ಹೇಳಲಿಕ್ಕೆ ಕಾಗದ ಸ್ವಲ್ಪ ಉದ್ದವಾದೀತು.

ಈ ಜಾತಿಯ ಕತೆಗಳು ಬೆಳೆದದ್ದು ಅಮೆರಿಕದಲ್ಲಿ ಒರಟು ಕಾಗದದ ಮೇಲೆ ಅಚ್ಚಾಗುತ್ತಿದ್ದ ಅಗ್ಗದ ಪಲ್ಪ್ ಪತ್ರಿಕೆಗಳಲ್ಲಿ. 1923ರಲ್ಲಿ ಶುರುವಾದ ‘ವಿಯರ್ಡ್ ಟೇಲ್ಸ್’ ಅಂಥದ್ದೊಂದು. ಅದರಲ್ಲಿ 1928ರಲ್ಲಿ ಬಂದ, ಭಯದ ಕತೆಗಳ ಲೇಖಕ ಲವ್‌ಕ್ರಾಫ್ಟ್‌ನ ಕತೆಯೊಂದರ ಹೆಸರನ್ನೇ ಇಟ್ಟು ಸ್ಯಾಂಡಿ ಪೀಟರ್ಸನ್ 1981ರಲ್ಲಿ ‘ಕಾಲ್ ಆಫ್ ಕ್ತುಲು’ ಆಟ ಕಟ್ಟಿದ. ಅದೇ ವರ್ಷ ಸ್ಪೀಲ್‌ಬರ್ಗ್‌ನ ಸಿನಿಮಾದಲ್ಲಿ, ಹಳೆಯ ನಿಧಿಗಳ ಬೆನ್ನಟ್ಟುವ ಸಾಹಸಿ ಇಂಡಿಯಾನಾ ಜೋನ್ಸ್ ಟಾಕೀಸಿಗೆ ಬಂದ. ನಿನ್ನ ಗುಂಪಿನವರು ಸಿನಿಮಾ ನೋಡಿರುತ್ತಾರೆ, ಆಟದ ಒಳಮರ್ಮ ಅವರಿಗೆ ಹೊಸದು. ಅದನ್ನು ಮೊದಲು ಬಿಡಿಸಿ ಹೇಳು.

ಆಟದಲ್ಲಿ ಪ್ರತಿ ಪಾತ್ರಕ್ಕೂ ಬುದ್ಧಿಸ್ಥಿಮಿತದ ಅಂಕ ಇರುತ್ತದೆ. ಕಾಣಬಾರದ್ದು ಕಂಡಾಗ ಒಂದರಿಂದ ನೂರರವರೆಗೆ ಬೀಳುವ ದಾಳ ಉರುಳಿಸಬೇಕು. ಬಿದ್ದ ಸಂಖ್ಯೆ ನಿನ್ನ ಅಂಕ ಮೀರಿತೋ, ಸ್ಥಿಮಿತ ಸವೆಯಿತು. ಇದಕ್ಕಿಂತ ನನ್ನನ್ನು ಹಿಡಿದಿಟ್ಟದ್ದು ಇನ್ನೊಂದು ನಿಯಮ: ಆ ಕಾಣಬಾರದ ಲೋಕದ ಗುಟ್ಟು ಎಷ್ಟು ತಿಳಿದುಕೊಳ್ಳುತ್ತೀಯೋ, 99ರಿಂದ ಅಷ್ಟು ಕಳೆದು ಉಳಿದದ್ದೇ ನಿನ್ನ ಸ್ಥಿಮಿತದ ಮೇಲ್ಮಿತಿ. ತಿಳಿದವನು ಮತ್ತೆ ಮೊದಲಿನ ಮನುಷ್ಯ ಆಗಲಾರ. 2016ರಲ್ಲಿ ಇದೇ ಆಟದ ಪಲ್ಪ್ ರೂಪ ಬಂತು. ಅದರಲ್ಲಿ ಜೀವದ ಅಂಕ ದುಪ್ಪಟ್ಟು, ಅದೃಷ್ಟದ ಅಂಕ ಖರ್ಚು ಮಾಡಿ ಕೆಟ್ಟ ದಾಳವನ್ನು ತಿದ್ದಿಕೊಳ್ಳಲೂಬಹುದು. ಓಡುವ ರೈಲಿಂದ ಜಿಗಿಯುವವರಿಗೆ ಅದೇ ಸರಿ. ಹೊಸಬರಿಗೆ ಅದನ್ನೇ ಹಿಡಿ.

ಇಂಡಿಯಾನಾ ಜೋನ್ಸ್ ಸಿನಿಮಾದ ಕೊನೆ ನೆನಪಿದೆಯಲ್ಲ? ದೈವಶಕ್ತಿಯ ಪೆಟ್ಟಿಗೆ ತೆರೆದವರೆಲ್ಲ ಸುಟ್ಟುಹೋಗುತ್ತಾರೆ. ಕಂಬಕ್ಕೆ ಕಟ್ಟಿಹಾಕಿಸಿಕೊಂಡ ನಾಯಕ ಕಣ್ಣು ಮುಚ್ಚಿಕೊಂಡು, ಜೊತೆಗಿದ್ದವಳಿಗೂ ನೋಡಬೇಡ ಅಂತ ಹೇಳಿ ಉಳಿಯುತ್ತಾನೆ. ಅಷ್ಟು ಗುದ್ದಾಟ ಮಾಡಿದವನನ್ನು ಕಡೆಗೆ ಕಾಪಾಡಿದ್ದು ನೋಡದೇ ಇದ್ದದ್ದು. ಪಲ್ಪ್ ಕತೆಯ ನಿಜವಾದ ಸತ್ವ ಇಲ್ಲಿದೆ ಅಂತ ನಾನು ನಂಬಿದ್ದೇನೆ. ಆದರೆ 1984ರಲ್ಲಿ ಅದೇ ನಾಯಕ ನಮ್ಮ ದೇಶಕ್ಕೆ ಬಂದಾಗ ಏನಾಯಿತು ನೋಡು. ಇಲ್ಲಿ ಚಿತ್ರೀಕರಣಕ್ಕೆ ಒಪ್ಪಿಗೆ ಸಿಗದೆ ಶ್ರೀಲಂಕಾದಲ್ಲಿ ಸೆಟ್ ಹಾಕಿದರು. ಅಮರೀಶ್ ಪುರಿಯಂಥ ಕಲಾವಿದನ ಕೈಯಲ್ಲಿ ಬದುಕಿದ್ದವನ ಎದೆಯಿಂದ ಹೃದಯ ಕೀಳಿಸಿದರು, ಅರಮನೆಯ ಊಟಕ್ಕೆ ಮಂಗನ ಮಿದುಳು ಬಡಿಸಿದರು. ಕಿಷ್ಕಿಂಧೆ ಅಂತ ಹೆಸರಾದ ಸೀಮೆಯವರು ನಾವು. ಆ ಊಟದ ದೃಶ್ಯಕ್ಕೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಆ ಸಿನಿಮಾದಲ್ಲಿ ಊರವರು ಗೋಳಾಡಲಿಕ್ಕೆ, ಕಾಯಲಿಕ್ಕೆ ಮಾತ್ರ ಇದ್ದಾರೆ. ಸಾಹಸ ಹೊರಗಿನವನದ್ದು.

ಇನ್ನೂ ದೊಡ್ಡ ತಕರಾರು ನಿಧಿಯದ್ದು. ನಮ್ಮ ಕಡೆ ನಿಧಿ ಅಂದರೆ ಸಿನಿಮಾದ ಮಾತಲ್ಲ ದೋಸ್ತ. ಅಮಾವಾಸ್ಯೆ ರಾತ್ರಿ ಹಾರೆ, ಗುದ್ದಲಿ, ನಿಂಬೆಹಣ್ಣು ಹಿಡಿದು ಬಂದು ಪಾಳುಗುಡಿಯ ಲಿಂಗದ ಬುಡ ಅಗೆಯುವವರನ್ನು, ಬಸವಣ್ಣನ ವಿಗ್ರಹ ಒಡೆಯುವವರನ್ನು ನೀನೂ ಬಲ್ಲೆ. ಬೆಳಗಾದರೆ ಅಲ್ಲಿ ಉಳಿಯುವುದು ಒಂದು ಗುಂಡಿ, ಕುಂಕುಮ ಮೆತ್ತಿದ ಕಲ್ಲಿನ ಚೂರು. ಹಾಗಿರುವಾಗ ನಮ್ಮ ಟೇಬಲ್ಲಿನ ಮೇಲೆ ನಾಯಕರೆನಿಸಿಕೊಂಡವರು ಅದೇ ಕೆಲಸ ಮಾಡಿ ಬಹುಮಾನ ಗೆಲ್ಲುವುದು ನನಗೆ ಒಪ್ಪಿಗೆಯಿಲ್ಲ. ನಮ್ಮ ಕತೆಯಲ್ಲಿ ಯಾರೂ ಏನನ್ನೂ ಎತ್ತಿ ತರಬಾರದು. ಎತ್ತಿದ್ದನ್ನು ಎಲ್ಲಿತ್ತೋ ಅಲ್ಲೇ ಇಟ್ಟು ಬರಬೇಕು. ಅದು ತರುವುದಕ್ಕಿಂತ ಭಾಳ ಕಷ್ಟ.

1931 ಯಾಕೆ ಅಂತೀಯಾ? ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಕೊಪ್ಪಳ ರಾಯಚೂರು ನಿಜಾಮರ ಸಂಸ್ಥಾನದಲ್ಲಿದ್ದವು. ಹೊಳೆ ದಾಟಿದರೆ ಸರ್ಕಾರ ಬೇರೆ, ಕಚೇರಿಯ ಭಾಷೆ ಬೇರೆ, ರೂಪಾಯಿಯೂ ಬೇರೆ. ಬಳ್ಳಾರಿ ದಡದಲ್ಲಿ ಬ್ರಿಟಿಷರ ನಾಣ್ಯ, ನಮ್ಮ ದಡದಲ್ಲಿ ನಿಜಾಮರ ಹಾಲಿ ಸಿಕ್ಕಾ. ತುಂಗಭದ್ರೆಗೆ ಆಣೆಕಟ್ಟು ಇನ್ನೂ ಬಂದಿಲ್ಲ, ಮಳೆಗಾಲದ ಹೊಳೆಗೆ ಮೂಗುದಾರವಿಲ್ಲ. ತಪ್ಪಿಸಿಕೊಂಡು ಓಡುವವರಿಗೆ, ಬೆನ್ನಟ್ಟುವ ಪೊಲೀಸರಿಗೆ ಇದಕ್ಕಿಂತ ಒಳ್ಳೆಯ ಗಡಿ ಎಲ್ಲಿ ಸಿಕ್ಕೀತು? ಕೊಪ್ಪಳದ ಪಾಲ್ಕಿಗುಂಡಿನ ಅಶೋಕನ ಶಾಸನ ಬೆಳಕಿಗೆ ಬಂದದ್ದೂ ಅದೇ 1931ರಲ್ಲಿ. ಎರಡು ಬಂಡೆಗಳ ಮೇಲೆ ಚಪ್ಪಡಿಯಂಥ ಒಂದು ಬಂಡೆ ಕೂತಿದೆ, ಅದರ ನೆರಳಲ್ಲಿ ಅಕ್ಷರ ಎರಡು ಸಾವಿರ ವರ್ಷಕ್ಕೂ ಮಿಕ್ಕಿ ಕಾದಿವೆ. ಅದಕ್ಕೂ ಮುಂಚೆ, 1915ರಲ್ಲಿ, ರಾಯಚೂರು ಸೀಮೆಯ ಮಸ್ಕಿಯಲ್ಲಿ ಚಿನ್ನ ಹುಡುಕುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರನ ಕಣ್ಣಿಗೆ ಶಾಸನ ಬಿತ್ತು. ‘ದೇವಾನಾಂಪ್ರಿಯ’ ಅನ್ನುವ ಬಿರುದಿನ ಜೊತೆಗೆ ‘ಅಶೋಕ’ ಅನ್ನುವ ಹೆಸರೂ ಅದರಲ್ಲಿತ್ತು. ಬಂಗಾರ ಹುಡುಕಿ ಹೋದವನಿಗೆ ಒಬ್ಬ ರಾಜನ ಹೆಸರು ಸಿಕ್ಕಿತು. ಇಂಥದ್ದನ್ನು ಯಾವ ಪಲ್ಪ್ ಲೇಖಕ ಕಲ್ಪಿಸಿದ್ದ ಹೇಳು.

ಕತೆ ಮುಗಿಯುವ ಜಾಗ ನಮ್ಮ ಗಂಗಾವತಿ ಹತ್ತಿರದ ಹಿರೇಬೆಣಕಲ್ ಗುಡ್ಡ. ನೀನು ಊರಲ್ಲಿದ್ದಾಗ ಹೋಗಲೇ ಇಲ್ಲ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಮೇಲೆ ಹತ್ತಿದರೆ ಕಲ್ಲಿನ ಮನೆಗಳದ್ದೇ ಒಂದು ಊರು. ದೊಡ್ಡವು ಆಳೆತ್ತರವನ್ನೂ ಮೀರುತ್ತವೆ. ಗೋಡೆಗೊಂದೊಂದು ಚಪ್ಪಡಿ, ಮೇಲೊಂದು ಚಪ್ಪಡಿ, ಎಷ್ಟೋ ಮನೆಗಳ ಒಂದು ಗೋಡೆಯಲ್ಲಿ ದುಂಡನೆಯ ಕಿಂಡಿ. ಕಬ್ಬಿಣ ಯುಗದ ಜನ ತಮ್ಮ ಸತ್ತವರಿಗಾಗಿ ಕಟ್ಟಿದ್ದು. ಊರವರು ಮೋರ್ಯರು ಅನ್ನುವ ಕುಳ್ಳ ಜನರ ಮನೆ ಅನ್ನುತ್ತಾರೆ. ಕಿಂಡಿಯೊಳಗೆ ಕೈ ಹಾಕಿದರೆ ಮಟಮಟ ಮಧ್ಯಾಹ್ನದಲ್ಲೂ ತಣ್ಣಗೆ ಹತ್ತುತ್ತದೆ. ಅಂಚನ್ನು ಸವರಿ ನೋಡು, ಬಂಡೆಯ ಒರಟಿನ ನಡುವೆ ಆ ದುಂಡು ಅಂಚು ಮಾತ್ರ ಹದವಾಗಿದೆ. ಯಾರದೋ ಕೈ ಕೂತು ತಿದ್ದಿದ್ದು. ಅಲ್ಲೇ ಒಂದು ಎತ್ತರದ ಬಂಡೆಯ ನೆತ್ತಿಯ ಮೇಲೆ ನಗಾರಿಯಂಥ ಕಲ್ಲಿದೆ. ಬಡಿದರೆ ಸದ್ದು ಒಂದು ಕಿಲೋಮೀಟರ್ ದೂರ ಕೇಳುತ್ತದಂತೆ. ಬಳ್ಳಾರಿ ಹತ್ತಿರ ಸಂಗನಕಲ್ಲಿನ ಕುಪ್ಪಗಲ್ ಗುಡ್ಡದಲ್ಲೂ ಕರಿಬಂಡೆಗಳು ಲೋಹದಂತೆ ಠಣ್ ಅನ್ನುತ್ತವೆ, ಹಿಂದಿನವರು ಬಡಿದ ಗುಳಿಗಳು ಇನ್ನೂ ಇವೆ. ಈ ಎರಡು ಗುಡ್ಡಗಳ ಸದ್ದೇ ನಿನ್ನ ಕತೆಯ ಬೆನ್ನೆಲುಬಾಗಲಿ: ಈಚೆ ದಡದ ಕಲ್ಲು ರಾತ್ರಿ ಒಮ್ಮೆ ನುಡಿದರೆ, ಆಚೆ ದಡದ್ದು ಉತ್ತರ ಕೊಡುತ್ತದೆ. ಟೇಬಲ್ಲಿನ ಮೇಲೆ ಇದಕ್ಕೆ ಕಂಚಿನ ತಟ್ಟೆ ಸಾಕು. ಊರಿಗೆ ಬಂದಾಗ ಆ ಕಲ್ಲುಗಳನ್ನು ಬಡಿಯಲಿಕ್ಕೆ ಮಾತ್ರ ಹೋಗಬೇಡ.

ಕತೆ ಇಷ್ಟೇ. ಬಳ್ಳಾರಿಯ ಒಬ್ಬ ಸಾಹುಕಾರ ಮೋರ್ಯರ ಮನೆಯೊಂದರಿಂದ ಮಣ್ಣಿನ ಕುಡಿಕೆ ತೆಗೆಸಿ ತಂದಿದ್ದಾನೆ. ಅವತ್ತಿನಿಂದ ಕಲ್ಲುಗಳು ನುಡಿಯತೊಡಗಿವೆ. ಕುಡಿಕೆಯನ್ನು ಅಮಾವಾಸ್ಯೆಯೊಳಗೆ ವಾಪಸ್ ಇಡಬೇಕು. ಹೊಸಪೇಟೆವರೆಗೆ ರೈಲು, ಆನೆಗುಂದಿ ಕಡವಿನಲ್ಲಿ ಹರಿಗೋಲು, ಮುಂದೆ ಚಕ್ಕಡಿ.

ಕುಡಿಕೆಯ ನಿಯಮವನ್ನು ಬೇತಾಳನಿಂದ ತಗೊಂಡಿದ್ದೇನೆ. ಚಂದಮಾಮದ ಆ ಚಿತ್ರ ಮರೆತಿಲ್ಲವಲ್ಲ, ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ? ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಸಾವಿರ ಹೋಳು, ಬಾಯಿ ಬಿಟ್ಟರೆ ಬೇತಾಳ ಮತ್ತೆ ಮರಕ್ಕೆ. ಸ್ಥಿಮಿತದ ಅಂಕಕ್ಕಿಂತ ಎಷ್ಟೋ ಶತಮಾನ ಹಿಂದೆ ನಮ್ಮವರು ಕಟ್ಟಿಟ್ಟ ಆಟದ ನಿಯಮ ಇದು. ಕುಡಿಕೆ ಹೊತ್ತವನು ಮಾತಾಡುವಂತಿಲ್ಲ. ಪಾತ್ರ ಮಾತ್ರ ಅಲ್ಲ, ಟೇಬಲ್ಲಿಗೆ ಕೂತವನೂ ಬಾಯಿ ಬಿಡುವಂತಿಲ್ಲ. ಕುಡಿಕೆ ಅವನಿಗೆ ಮಾತ್ರ ಗುಟ್ಟು ಹೇಳುತ್ತದೆ. ಆ ಗುಟ್ಟನ್ನು ಚೀಟಿ ಬರೆದು ಕೊಡು. ನುಂಗಿಕೊಂಡರೆ ಸ್ಥಿಮಿತ ಸವೆಯುತ್ತದೆ, ಹೇಳಿಬಿಟ್ಟರೆ ಕುಡಿಕೆ ಮಾಯವಾಗಿ ಬಳ್ಳಾರಿಯ ಸಾಹುಕಾರನ ಕಪಾಟು ಸೇರುತ್ತದೆ.

ಇಲ್ಲಿ ಆಡಿಸಿದಾಗ ಹೊತ್ತವನು ನಮ್ಮ ಗುಂಪಿನ ಹೈಸ್ಕೂಲು ಮಾಸ್ತರು. ಹೊಳೆಯ ನಡುವೆ ಚೀಟಿ ಕೊಟ್ಟೆ: ಹರಿಗೋಲಿನ ತಳದ ಚರ್ಮ ಹರಿದಿದೆ, ನಿನಗೊಬ್ಬನಿಗೇ ಕಾಣುತ್ತಿದೆ. ಅವರು ಕಾಲು ನೆಲಕ್ಕೆ ಬಡಿದರು, ಹೆಗಲ ಟವಲ್ ತೆಗೆದು ಟೇಬಲ್ಲಿಗೆ ಒತ್ತಿ ಹಿಡಿದರು, ಕಣ್ಣು ಅಗಲ ಮಾಡಿ ಒಬ್ಬೊಬ್ಬರ ಮುಖ ನೋಡಿದರು. ಉಳಿದವರು ‘ಮೈಮ್ಯಾಲೆ ಬಂದೈತಿ, ಹಿಡೀರಿ’ ಅಂತ ಅವರ ಎರಡೂ ಕೈ ಕಟ್ಟಿಹಿಡಿದರು. ಮಾಸ್ತರು ಕಡೆಗೆ ‘ತೂತು ಬಿದ್ದೈತ್ರೋ, ಮುಳುಗತೀರಿ!’ ಅಂತ ಕೂಗಿಬಿಟ್ಟರು. ಎಲ್ಲರೂ ಉಳಿದರು, ಕುಡಿಕೆ ಹೋಯಿತು. ಗೆಲ್ಲುವುದನ್ನು ಬಿಟ್ಟು ಗೆಳೆಯರನ್ನು ಉಳಿಸಿಕೊಂಡದ್ದಕ್ಕೆ ಯಾರೂ ಅವರ ಮೇಲೆ ಮುನಿಸಿಕೊಳ್ಳಲಿಲ್ಲ. ಬಳ್ಳಾರಿ ರೈಲು ಎಷ್ಟು ಗಂಟೆಗೆ ಅಂತ ಕೇಳಿದರು.

ಪಾತ್ರಗಳನ್ನು ಊರಿನಿಂದಲೇ ತಗೋ. ಎರಡೂ ದಡ ಬಲ್ಲ ಅಂಬಿಗ, ರೈಲ್ವೆ ಗುಮಾಸ್ತ, ನಿಜಾಮರ ಪುರಾತತ್ವ ಇಲಾಖೆಯ ನಕ್ಷೆಗಾರ, ತೊಗಲು ಗೊಂಬೆಗಳ ಪೆಟ್ಟಿಗೆ ಹೊತ್ತು ರಾತ್ರಿ ಊರೂರು ಸುತ್ತುವ ಶಿಳ್ಳೆಕ್ಯಾತರ ಅವ್ವ. ಅವ್ವನನ್ನು ಬಿಡಬೇಡ. ದೀಪ, ಪರದೆ, ಹತ್ತು ತಲೆಯ ರಾವಣನ ನೆರಳು, ಇಷ್ಟಿದ್ದರೆ ಬೆನ್ನಟ್ಟಿ ಬಂದವರ ಎದೆ ನಡುಗಿಸಲಿಕ್ಕೆ ಅವಳಿಗೆ ಪಿಸ್ತೂಲು ಬೇಕಿಲ್ಲ.

ಒಂದು ಮಾತನ್ನು ಕಟ್ಟುನಿಟ್ಟಾಗಿ ಪಾಲಿಸು: ಜನ ದಿನಾ ಕೈಮುಗಿಯುವ ಜಾಗವನ್ನು ದೆವ್ವದ ಮನೆ ಮಾಡಬೇಡ. ಅಂಜನಾದ್ರಿ ಬೇಡ, ಗವಿಮಠ ಬೇಡ. ಹಂಪಿ ಹತ್ತಿರದ ನಿಂಬಾಪುರದ ಬೂದಿದಿಬ್ಬವನ್ನು ಬೇಕಾದರೆ ಹಿನ್ನೆಲೆಗೆ ಇಟ್ಟುಕೋ. ಅದು ವಾಲಿಯ ಚಿತೆಯ ಬೂದಿ ಅಂತ ಜನ ನಂಬಿದ್ದಾರೆ. ಈ ಸೀಮೆಯ ಇಂಥ ದಿಬ್ಬಗಳು ನವಶಿಲಾಯುಗದ ದನಗಾಹಿಗಳು ಸುಟ್ಟ ಸಗಣಿಯವು ಅಂತ ಪುರಾತತ್ವದವರು ಹೇಳುತ್ತಾರೆ. ಎರಡನ್ನೂ ಪಾತ್ರಗಳ ಬಾಯಲ್ಲಿ ಆಡಿಸು, ಯಾರನ್ನೂ ಸೋಲಿಸಬೇಡ.

ನಕ್ಷೆ ಮತ್ತು ಚೀಟಿಗಳನ್ನು ಬೇರೆ ಲಕೋಟೆಯಲ್ಲಿ ಹಾಕಿದ್ದೇನೆ. ಕುಡಿಕೆ ಹೊರುವ ಪಾತ್ರವನ್ನು ನಿನ್ನ ಗುಂಪಿನಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡುವವನಿಗೇ ಕೊಡು, ಹೊಳೆ ದಾಟಿದ ಮೇಲೆ ಏನಾಯಿತು ಅಂತ ತಪ್ಪದೆ ಬರೆ.

ನಿನ್ನ ದೋಸ್ತ