ಸತ್ತವರ ಕಡೆಯಿಂದ ಒಂದು ಆಲ್ಬಂ

ಪ್ರೀತಿಯ ಮಂಜು,

ಹೇಗಿದ್ದೀಯ? ಅಮ್ಮ ಸರಿಯಾಗಿ ಊಟ ಮಾಡ್ತಿದ್ದಾರಾ? ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದು ಇನ್ನೂ ತಲೆಯಲ್ಲೇ ಇದೆ. ಹೋಗುವ ಗಳಿಗೆಯಲ್ಲಿ ಅಪ್ಪನಿಗೆ ಅದು ಗೊತ್ತಾಗಿರುತ್ತಾ, ಭಯ ಆಗಿರುತ್ತಾ ಅಂತ. ನನ್ನ ಹತ್ತಿರ ಉತ್ತರ ಇಲ್ಲ ಕಣೋ. ಆದರೆ ಇದೇ ಪ್ರಶ್ನೆ ಹಿಡಿದುಕೊಂಡು ಒಬ್ಬ ಇಡೀ ಆಲ್ಬಂ ಮಾಡಿದ್ದಾನೆ. ಅದನ್ನು ನೀನು ಕೇಳಲೇಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಅವನ ಹೆಸರು ಫ್ಲೈಯಿಂಗ್ ಲೋಟಸ್, ಸಂಗೀತ ಮಾಡುವವನು. ಮನೆಯಲ್ಲಿಟ್ಟ ಹೆಸರು ಸ್ಟೀವನ್ ಎಲಿಸನ್, ಲಾಸ್ ಏಂಜಲೀಸ್‌ನವನು. ಆಲ್ಬಂ 'ಯು ಆರ್ ಡೆಡ್!', 2014ರ ಅಕ್ಟೋಬರ್‌ನಲ್ಲಿ ಬಂತು. 19 ಟ್ರ್ಯಾಕ್, ಆದರೆ ಎಲ್ಲ ಸೇರಿ 38 ನಿಮಿಷ ಅಷ್ಟೇ. ಒಂದು ಮುಗಿಯುವ ಮೊದಲೇ ಇನ್ನೊಂದು ನುಗ್ಗುತ್ತದೆ. ಹಿಪ್‌ಹಾಪ್ ಬೀಟ್ ಮಾಡುವವನೇ ಆದರೂ ಇದರಲ್ಲಿ ಜಾಝ್ ಜಾಸ್ತಿ. ಹರ್ಬಿ ಹ್ಯಾಂಕಾಕ್‌ನಂಥ ಹಿರಿಯ ಜಾಝ್ ಕಲಾವಿದರೇ ಕೀಬೋರ್ಡ್ ನುಡಿಸಿದ್ದಾರೆ, ಥಂಡರ್‌ಕ್ಯಾಟ್‌ನ ಬೇಸ್ ಗಿಟಾರ್ ಇದೆ, ಕಮಾಸಿ ವಾಷಿಂಗ್ಟನ್‌ನ ಸ್ಯಾಕ್ಸೊಫೋನ್ ಇದೆ.

ಸಾವಿನ ಬಗ್ಗೆ ನಾವು ಕೇಳಿರುವ ಹಾಡುಗಳೆಲ್ಲ ಉಳಿದವರ ಹಾಡುಗಳು. ಬಿಟ್ಟು ಹೋದೆಯಲ್ಲ, ಮನೆ ಖಾಲಿ ಆಯ್ತಲ್ಲ, ಹೀಗೆ. ಇವನು ಹೋದವರ ಪಕ್ಕ ನಿಂತು ನೋಡುತ್ತಾನೆ. ಮೊದಲ ಕೆಲವು ನಿಮಿಷ ಬರೀ ಗಲಿಬಿಲಿ. ಎರಡನೇ ಟ್ರ್ಯಾಕ್ 'ಟೆಸ್ಲಾ'ದಲ್ಲಿ ಡ್ರಮ್ಸು ಎಷ್ಟು ಜೋರಾಗಿ ಓಡುತ್ತದೆ ಅಂದರೆ ಎಲ್ಲಿದ್ದೇನೆ, ಏನಾಯ್ತು ಅಂತ ಗೊತ್ತಾಗದೆ ಯಾರೋ ತಡಕಾಡುತ್ತಿರುವ ಹಾಗೆ ಕೇಳಿಸುತ್ತದೆ. ನೋವು ಅಂತ ಅನ್ನಿಸುವುದಿಲ್ಲ. ಆಮೇಲೆ ಐದನೇ ಟ್ರ್ಯಾಕ್, 'ನೆವರ್ ಕ್ಯಾಚ್ ಮಿ'. ರ‍್ಯಾಪರ್ ಕೆಂಡ್ರಿಕ್ ಲಮಾರ್ ಬರುತ್ತಾನೆ. ತನ್ನ ಸಾವನ್ನು ತಾನೇ ತಿರುಗಿಸಿ ತಿರುಗಿಸಿ ನೋಡುತ್ತಾ, ಆಚೆಗೂ ಬದುಕಿದೆ ಅನ್ನುತ್ತಾ, ಉಸಿರು ಬಿಡದೆ ರ‍್ಯಾಪ್ ಮಾಡುತ್ತಾನೆ. ಅವನ ಮಾತು ಮುಗಿದ ಮೇಲೆ ಬೇಸ್ ಮತ್ತು ಚಪ್ಪಾಳೆ ಹಾಡನ್ನು ಎತ್ತಿಕೊಂಡು ಹೋಗುತ್ತವೆ. ಅಲ್ಲಿ ಭಯ ಅನ್ನೋದು ಇಲ್ಲವೇ ಇಲ್ಲ ಮಂಜು. ಓಟ ಇದೆ, ಬಿಡುಗಡೆ ಇದೆ.

ಆ ಹಾಡಿನ ವಿಡಿಯೋ ಹಿರೋ ಮುರಾಯಿ ಅನ್ನೋ ನಿರ್ದೇಶಕ ಮಾಡಿದ್ದು. ಚರ್ಚಿನಲ್ಲಿ ಇಬ್ಬರು ಮಕ್ಕಳ ಹೆಣ ಇಟ್ಟಿದ್ದಾರೆ, ಜನ ಅಳುತ್ತಿದ್ದಾರೆ. ಆ ಹುಡುಗ ಹುಡುಗಿ ಪೆಟ್ಟಿಗೆಯಿಂದ ಎದ್ದು ಕುಣಿಯಲು ಶುರು ಮಾಡುತ್ತಾರೆ. ಅಳುವವರಿಗೆ ಕಾಣಿಸುವುದಿಲ್ಲ. ಕುಣಿಯುತ್ತಲೇ ಆಚೆ ಬಂದು, ತಮ್ಮನ್ನು ಒಯ್ಯಬೇಕಿದ್ದ ಗಾಡಿಯನ್ನೇ ಓಡಿಸಿಕೊಂಡು ಹೊರಟುಬಿಡುತ್ತಾರೆ. ನಮ್ಮೂರ ಕಡೆ ಹೆಣದ ಮುಂದೆ ತಮಟೆ ಬಡಿದು ಕುಣಿಯುತ್ತಾರಲ್ಲ, ನನಗೆ ಅದೇ ನೆನಪಾಯಿತು. ಆದರೆ ಇಲ್ಲಿ ಕುಣಿಯುವವರು ಸತ್ತವರೇ. ಇದನ್ನು ನೀನು ಈಗಲೇ ನೋಡಬೇಡ, ಮೊದಲು ಬರೀ ಕೇಳು.

ಈ ಫ್ಲೈಯಿಂಗ್ ಲೋಟಸ್ ಸುಮ್ನೆ ಫ್ಯಾಷನ್‌ಗೆ ಸಾವನ್ನು ಹಿಡಿದುಕೊಂಡವನಲ್ಲ. ಅವನ ಅಮ್ಮ 2008ರಲ್ಲಿ ತೀರಿಕೊಂಡರು. ಆಸ್ಪತ್ರೆಯಲ್ಲಿ ಅವರ ಹಾಸಿಗೆ ಪಕ್ಕದ ಯಂತ್ರಗಳ ಸದ್ದನ್ನು ರೆಕಾರ್ಡ್ ಮಾಡಿಕೊಂಡು 2010ರ 'ಕಾಸ್ಮೊಗ್ರಾಮಾ' ಆಲ್ಬಂನಲ್ಲಿ ಸೇರಿಸಿದ. 2012ರಲ್ಲಿ ಜೊತೆಗಾರ ಪಿಯಾನೋ ವಾದಕ ಆಸ್ಟಿನ್ ಪೆರಾಲ್ಟಾ ಹೋದ, ಬರೀ 22 ವರ್ಷಕ್ಕೆ. ಇನ್ನೊಂದು ವಿಷಯ ಕೇಳಿದರೆ ನಿನಗೆ ಆಶ್ಚರ್ಯ ಆಗಬಹುದು. ಜಾಝ್‌ನಲ್ಲಿ ಪಿಯಾನೋ, ಹಾರ್ಪ್ ನುಡಿಸಿ ಹೆಸರು ಮಾಡಿದ ಆಲಿಸ್ ಕೋಲ್ಟ್ರೇನ್ ಇವನಿಗೆ ಅಜ್ಜಿ ಆಗಬೇಕು, ಸ್ವಂತ ಅಜ್ಜಿಯ ಅಕ್ಕತಂಗಿ. ಗಂಡ, ದೊಡ್ಡ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್, 1967ರಲ್ಲಿ ತೀರಿಕೊಂಡ ಮೇಲೆ ಆಕೆ ನಮ್ಮ ದೇಶಕ್ಕೆ ಬಂದು ಹೋಗಿ, ವೇದಾಂತ ಓದಿ, ತುರೀಯಸಂಗೀತಾನಂದ ಅಂತ ಹೆಸರಿಟ್ಟುಕೊಂಡು, ಕ್ಯಾಲಿಫೋರ್ನಿಯಾದ ಅಗೋರಾದಲ್ಲಿ ಆಶ್ರಮ ಕಟ್ಟಿ, ಅಲ್ಲಿ ಭಜನೆ ಹಾಡಿಸುತ್ತಿದ್ದರು. ಈ ಹುಡುಗ ಚಿಕ್ಕಂದಿನಲ್ಲಿ ಅಲ್ಲಿಗೆ ಹೋಗುತ್ತಿದ್ದ. ಆತ್ಮಕ್ಕೆ ಸಾವಿಲ್ಲ ಅನ್ನೋ ಮಾತು ಅವನಿಗೆ ಮನೆಯ ಮಾತೇ ಆಗಿರಬೇಕು ಅಂತ ನನ್ನ ಅನಿಸಿಕೆ. ಆಲ್ಬಂನ ಕೊನೆ ಹಾಡು 'ದಿ ಪ್ರೊಟೆಸ್ಟ್'ನಲ್ಲಿ ಹೆಣ್ಣುದನಿಗಳು ನಾವು ಎಂದೆಂದೂ ಇರುತ್ತೇವೆ ಅಂತ ಮತ್ತೆ ಮತ್ತೆ ಹಾಡುವಾಗ ಅದನ್ನು ನಾನು ಪೂರ್ತಿ ನಂಬಿಬಿಡುತ್ತೇನೆ.

ಎಲ್ಲವೂ ಒಂದೇ ತೂಕದ್ದಲ್ಲ. ರ‍್ಯಾಪರ್ ಸ್ನೂಪ್ ಡಾಗ್ ಇರುವ 'ಡೆಡ್ ಮ್ಯಾನ್ಸ್ ಟೆಟ್ರಿಸ್' ವಿಡಿಯೋ ಗೇಮ್ ಸದ್ದಿನ ಆಟ, ಮಜಾ ಇದೆ. ನಡುವಿನ ಒಂದೆರಡು ಟ್ರ್ಯಾಕ್ ಮನಸ್ಸಿಗೆ ಅಂಟುವುದಿಲ್ಲ. ಆದರೂ ಒಂದನ್ನೂ ಹಾರಿಸಬೇಡ, 'ಕೊರೊನಸ್, ದಿ ಟರ್ಮಿನೇಟರ್' ಅಂತೂ ಖಂಡಿತ ಬಿಡಬೇಡ. ಅಷ್ಟು ಹೊತ್ತಿನ ಓಟ ಅಲ್ಲಿ ನಿಧಾನ ಆಗುತ್ತದೆ. ಯಾರೋ ಬಂದು, ಬಾ ಹೋಗೋಣ ಅಂತ ಕೈ ಹಿಡಿದ ಹಾಗೆ. ಅಪ್ಪನ ಬಗ್ಗೆ ನೀನು ಕೇಳಿದ್ದಕ್ಕೆ ಅತಿ ಹತ್ತಿರ ಬಂದಿದ್ದು ನನಗೆ ಆ ಎರಡೂವರೆ ನಿಮಿಷವೇ.

ಶಫಲ್ ಹಾಕಬೇಡ, ಮೊದಲಿಂದ ಕೊನೆವರೆಗೆ ಒಂದೇ ಸಲ ಕೇಳು, ಇಯರ್‌ಫೋನ್ ಹಾಕಿಕೊಂಡು. ಕವರ್ ಮೇಲಿನ, ಜಪಾನಿನ ಚಿತ್ರಕಾರ ಶಿಂತಾರೋ ಕಾಗೋನ ಚಿತ್ರಗಳು ಸ್ವಲ್ಪ ಘೋರ, ಅಮ್ಮನ ಎದುರು ತೆರೆಯಬೇಡ. ಸುಮ್ನೆ ಗಲಾಟೆ ಅನ್ನಿಸಿದರೆ ಅದನ್ನೂ ಹೇಳು, ನನಗೇನೂ ಬೇಜಾರಿಲ್ಲ. ಭಾನುವಾರ ನಾನೇ ಫೋನ್ ಮಾಡ್ತೀನಿ.

ನಿನ್ನ,
ರವಿ