ಮಗಳಿಗೊಂದು ಪತ್ರ: ಒಂದು ‘ಅಂತೆ’ಯ ಬಗ್ಗೆ

ಪ್ರೀತಿಯ ಮಗಳೇ,

ಪೀಟರ್‌ಬರೋ ಹತ್ತಿರದ ಕ್ಯಾಸ್ಟರ್ ಊರಿನ ಚರ್ಚಿನ ಫೋಟೋ ತಲುಪಿತು. ‘ಈ ಕಿನಿಬರ್ಗ ಯಾರಪ್ಪಾ?’ ಅಂತ ಕೇಳಿದ್ದೀಯ. ಅವಳು ಏಳನೇ ಶತಮಾನದವಳು, ಆಗಿನ ಇಂಗ್ಲೆಂಡಿನ ಮರ್ಸಿಯ ಅನ್ನೋ ರಾಜ್ಯದ ರಾಜ ಪೆಂಡನ ಮಗಳು. ಆದರೆ ನನ್ನನ್ನು ಜಾಸ್ತಿ ಕಾಡಿದವಳು ಆಲ್ಹ್‌ಫ್ಲೆಡ್. ಕಿನಿಬರ್ಗಳಿಗೆ ಒಂದು ಕಡೆಯಿಂದ ನಾದಿನಿ, ಇನ್ನೊಂದು ಕಡೆಯಿಂದ ಅತ್ತಿಗೆ.

642ರಲ್ಲಿ ಪೆಂಡ, ಉತ್ತರದ ನಾರ್ತಂಬ್ರಿಯ ರಾಜ್ಯದ ರಾಜ ಓಸ್ವಾಲ್ಡನನ್ನು ಯುದ್ಧದಲ್ಲಿ ಕೊಂದ. ಓಸ್ವಾಲ್ಡನ ತಮ್ಮ ಓಸ್ವಿ. ಅಂಥ ಎರಡು ಮನೆಗಳೇ ಬೀಗರಾದವು! ಪೆಂಡನ ಮಗಳು ಕಿನಿಬರ್ಗ, ಓಸ್ವಿಯ ಮಗ ಆಲ್ಹ್‌ಫ್ರಿತ್‌ನ ಹೆಂಡತಿಯಾದಳು. ಆಮೇಲೆ ಪೆಂಡನ ಮಗ ಪೆಯಾಡ ಓಸ್ವಿಯ ಮಗಳು ಆಲ್ಹ್‌ಫ್ಲೆಡ್‌ಳನ್ನು ಕೇಳಿಕೊಂಡು ಬಂದ. ಇವನು ಅಪ್ಪನ ಕೈಕೆಳಗೆ ಮಿಡಲ್ ಆಂಗಲ್ಸ್ ಜನರನ್ನು ಆಳುತ್ತಿದ್ದ ಸಾಮಂತ. ಕ್ರೈಸ್ತನಾದರೆ ಮಾತ್ರ ಮಗಳನ್ನು ಕೊಡುತ್ತೇನೆ ಅಂದ ಓಸ್ವಿ. ಭಾವ ಆಲ್ಹ್‌ಫ್ರಿತ್ ಕೂತು ತಿಳಿಹೇಳಿದ. ಕೊನೆಗೆ ಪೆಯಾಡ, ಹುಡುಗಿ ಕೊಡದಿದ್ದರೂ ಸರಿ, ನಾನು ಕ್ರೈಸ್ತನಾಗುತ್ತೇನೆ ಅಂದನಂತೆ. 653ರಲ್ಲಿ ರೋಮನ್ನರ ಗೋಡೆಯ ಹತ್ತಿರ ದೀಕ್ಷೆ ಪಡೆದು, ನಾಲ್ವರು ಪಾದ್ರಿಗಳನ್ನು ಕರೆದುಕೊಂಡು ಊರಿಗೆ ಹೋದ.

ಎರಡೇ ವರ್ಷ. 655ರಲ್ಲಿ ಓಸ್ವಿಯ ಸೈನ್ಯದ ಎದುರು ಪೆಂಡ ಸತ್ತ. ಆ ಸುದ್ದಿ ಆಲ್ಹ್‌ಫ್ಲೆಡ್ ಕಿವಿಗೆ ಹೇಗೆ ಬಿದ್ದಿರಬೇಕು? ಮಾವನ ಸಾವಿಗೆ ಅಪ್ಪನೇ ಕಾರಣ. ಗಂಡನ ಮುಖ ಹೇಗೆ ನೋಡಿದಳೋ. ಓಸ್ವಿ ನಂಟನೆಂದು ಅಳಿಯನಿಗೆ ಟ್ರೆಂಟ್ ನದಿಯ ದಕ್ಷಿಣದ ಮರ್ಸಿಯ ಕೊಟ್ಟ. 5,000 ಕುಟುಂಬಗಳ ನಾಡು ಅದು. ಮುಂದಿನ ವಸಂತ, ಈಸ್ಟರ್ ಹಬ್ಬದ ಹೊತ್ತಿನಲ್ಲೇ ಪೆಯಾಡನ ಕೊಲೆಯಾಯಿತು. ಹೆಂಡತಿಯೇ ಮೋಸ ಮಾಡಿದಳಂತೆ.

ಆ ‘ಅಂತೆ’ ನನ್ನದಲ್ಲ ಮಗಳೇ. 731ರಲ್ಲಿ ಈ ಚರಿತ್ರೆ ಬರೆದು ಮುಗಿಸಿದ ಸನ್ಯಾಸಿ ಬೀಡ್‌ನದು. ಲ್ಯಾಟಿನ್ನಿನಲ್ಲಿ ‘ಜನ ಹೇಳುವಂತೆ’ ಅಂತ ಎರಡೇ ಪದ ಸೇರಿಸಿದ್ದಾನೆ. ಅವನೂ ಅವಳ ತವರು ನಾಡಿನವನೇ. ಸುಮ್ನೆ ‘ಕೊಲ್ಲಿಸಿದಳು’ ಅಂತ ಬರೆದು ಮುಗಿಸಲಿಲ್ಲ. ಆ ಎರಡು ಪದಗಳಿಗಾಗಿ ನನಗೆ ಅವನ ಮೇಲೆ ತುಂಬಾ ಗೌರವ.

ಪೆಯಾಡ ಸತ್ತ ಮೇಲೆ ಅವನ ನೆಲ ಯಾರ ಕೈಗೆ ಹೋಯಿತು ಗೊತ್ತಾ? ಓಸ್ವಿಯ ಕೈಗೆ. ಲಾಭ ಅಪ್ಪನಿಗೆ, ಕೆಟ್ಟ ಹೆಸರು ಮಗಳಿಗೆ. ಒಬ್ಬ ಹೆಣ್ಣುಮಗಳ ಅಪ್ಪನಾಗಿ ಇದನ್ನು ಓದುವಾಗ ಹೊಟ್ಟೆ ಉರಿಯುತ್ತದೆ. ಆಮೇಲೆ ಬೀಡ್ ಅವಳ ಮಾತೇ ಎತ್ತುವುದಿಲ್ಲ.

ಕಿನಿಬರ್ಗ ಮುಂದೆ ಸನ್ಯಾಸಿನಿಯಾದಳು. ನೀನು ನೋಡಿದ ಚರ್ಚು ಅವಳ ಹೆಸರಿನದು. ಒಡಹುಟ್ಟಿದವನನ್ನು ಕಳೆದುಕೊಂಡವಳು ಅವಳು. ನಾದಿನಿಯ ಮೇಲೆ ಬಂದ ಆ ಮಾತನ್ನು ನಂಬಿದಳಾ? ಫೋನ್ ಮಾಡಿದಾಗ ನಿನಗೇನನ್ನಿಸುತ್ತದೆ ಹೇಳು.

ನಿನ್ನ
ಅಪ್ಪ