ನೀನು ಕೇಳಿದ ನೇರಳೆ ಹೂವು

ಪ್ರೀತಿಯ ಗೆಳೆಯ,

ಮೊನ್ನೆ ನಾನು ಕಳಿಸಿದ ಫೋಟೋ ನೋಡಿ, "ಹುಲ್ಲಿನ ಮಧ್ಯೆ ಅದ್ಯಾವ ಹೂವೋ?" ಅಂತ ಕೇಳಿದ್ದೆಯಲ್ಲ. ವಾಟ್ಸಾಪಿನಲ್ಲಿ ಎರಡು ಸಾಲು ಬರೆದು ಮುಗಿಸಲು ಮನಸ್ಸು ಬರಲಿಲ್ಲ. ಅದಕ್ಕೇ ಈ ಪತ್ರ.

ಅದು ಕಾಡು ವಯೊಲೆಟ್ ಕಣೋ. ಸಸ್ಯಶಾಸ್ತ್ರದ ಹೆಸರು ವಯೋಲಾ ಸೊರೋರಿಯಾ. ಹೆಚ್ಚೆಂದರೆ ಒಂದು ಗೇಣು ಎತ್ತರ. ಎಲೆ ನೋಡಿದರೆ ವೀಳ್ಯದೆಲೆಯ ಮರಿಯ ಹಾಗಿದೆ. ಐದು ನೇರಳೆ ಎಸಳು, ಅಕ್ಕಪಕ್ಕದ ಎರಡು ಎಸಳುಗಳ ಬುಡದಲ್ಲಿ ಬಿಳಿ ರೋಮ. ನಿಮ್ಮ ಹೊಲದ ಬದುವಿನಲ್ಲಿ ಪುರುಷರತ್ನದ ಗಿಡ ನೋಡಿದ್ದೆವಲ್ಲ, ಒಂದೇ ಒಂದು ದೊಡ್ಡ ಎಸಳು ನಾಲಿಗೆ ಚಾಚಿದ ಹಾಗೆ ಇರುತ್ತದಲ್ಲ, ಅದೂ ಇದೇ ಕುಟುಂಬದ್ದು. ಗೊತ್ತಾದ ದಿನ ನನಗೆ ಎಷ್ಟು ಖುಷಿಯಾಯಿತು ಅಂತೀಯಾ!

ಇದು ಇಲ್ಲಿ ಅಮೆರಿಕದಲ್ಲಿ, ನಮ್ಮ ನ್ಯೂಜೆರ್ಸಿಯ ರಾಜ್ಯಪುಷ್ಪ. ಇಲಿನಾಯ್, ವಿಸ್ಕಾನ್ಸಿನ್, ರೋಡ್ ಐಲ್ಯಾಂಡ್ ಕೂಡ ವಯೊಲೆಟ್ಟನ್ನೇ ಆರಿಸಿಕೊಂಡಿವೆ. ಇಲಿನಾಯ್‌ನಲ್ಲಿ 1907ರಲ್ಲಿ ಶಾಲಾ ಮಕ್ಕಳು ಮತ ಹಾಕಿ ಆರಿಸಿದ್ದಂತೆ. ಇಷ್ಟು ಮರ್ಯಾದೆ ಇದ್ದರೂ ಮನೆ ಮುಂದೆ ಬಂದರೆ ಜನ ಇದನ್ನು ಕಳೆ ಅಂತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಮೂರು ವರ್ಷದ ಹಿಂದೆ ದುಡ್ಡು ಕೊಟ್ಟು ಕಳೆ ಔಷಧಿ ಹೊಡೆಸಿದೆ. ಅದನ್ನು ನೆನೆದರೆ ಈಗಲೂ ಬೇಜಾರಾಗುತ್ತದೆ. ಆದರೆ ಮಣ್ಣಿನೊಳಗೆ ಇದಕ್ಕೆ ಶುಂಠಿಯ ಹಾಗೆ ದಪ್ಪ ಗೆಡ್ಡೆ ಇರುತ್ತದೆ. ಮರು ವರ್ಷ ಮತ್ತೆ ಚಿಗುರಿತು.

ಇದರ ನಿಜವಾದ ಮನೆ ನೋಡಬೇಕಾದರೆ ಡೆಲವೇರ್–ರಾರಿಟನ್ ಕಾಲುವೆಯ ಪಕ್ಕದ ಕಾಡಿಗೆ ಬರಬೇಕು. ಏಪ್ರಿಲ್‌ನಲ್ಲಿ ಮರಗಳು ಇನ್ನೂ ಬೋಳಾಗಿರುತ್ತವೆ. ಬಿಸಿಲು ನೇರವಾಗಿ ನೆಲಕ್ಕೆ ಬೀಳುತ್ತದೆ. ಕೊಳೆತ ತರಗೆಲೆ, ಒದ್ದೆ ಕಪ್ಪು ಮಣ್ಣು. ಮೇಪಲ್, ಓಕ್ ಮರಗಳು ಎಲೆ ಬಿಟ್ಟು ನೆರಳು ಮುಚ್ಚುವ ಮೊದಲು ಸಿಗುವ ಈ ಕೆಲವು ವಾರಗಳಲ್ಲೇ ವಯೊಲೆಟ್ ಅರಳಿಬಿಡುತ್ತದೆ. ನಮ್ಮ ಅಂಗಳದಲ್ಲೂ ಅದು ಬೆಳೆಯುವುದು ಮರದ ಬುಡದ ತಂಪಿನಲ್ಲೇ. ಹುಲ್ಲುಹಾಸು ಬರುವ ಮೊದಲು ಇದೆಲ್ಲ ಕಾಡೇ ಆಗಿತ್ತು, ಅಲ್ವಾ?

ನನಗೆ ತುಂಬಾ ಇಷ್ಟವಾದದ್ದು ಇದರ ಬೇಸಿಗೆಯ ಬದುಕು. ನೇರಳೆ ಹೂವೆಲ್ಲ ಮುಗಿದ ಮೇಲೆ ಎಲೆಗಳ ಕೆಳಗೆ, ಮಣ್ಣಿಗೆ ತಾಗಿಕೊಂಡು, ಇನ್ನೊಂದು ಬಗೆಯ ಹೂ ಬಿಡುತ್ತದೆ. ಅದು ಅರಳುವುದೇ ಇಲ್ಲ. ಮೊಗ್ಗಿನೊಳಗೇ ತನ್ನ ಪರಾಗ ತನಗೇ ಸೇರಿ ಬೀಜ ಕಟ್ಟುತ್ತದೆ. ಕಾಯಿ ಬಲಿತಾಗ ತೊಟ್ಟು ಮೇಲೆದ್ದು, ಮೂರು ಹೋಳಾಗಿ ಬಿರಿದು, ಬೀಜ ಚಿಮ್ಮಿಸುತ್ತದೆ. ಪ್ರತಿ ಬೀಜದ ತುದಿಯಲ್ಲಿ ಕೊಬ್ಬಿನ ಒಂದು ಪುಟ್ಟ ಗಂಟು ಇರುತ್ತದೆ. ಅದರ ಆಸೆಗೆ ಇರುವೆಗಳು ಬೀಜವನ್ನು ಗೂಡಿಗೆ ಹೊತ್ತೊಯ್ದು, ಗಂಟು ತಿಂದು, ಬೀಜ ಬಿಸಾಡುತ್ತವೆ. ಅಲ್ಲೇ ಹೊಸ ಗಿಡ. ಮೆಟ್ಟಿಲಿನ ಸಂದಿಯಲ್ಲಿ ವಯೊಲೆಟ್ ಹೇಗೆ ಬಂತು ಅಂತ ಯೋಚಿಸುತ್ತಿದ್ದೆ. ಬಹುಶಃ ಇರುವೆಗಳದ್ದೇ ಕೆಲಸ.

ಇನ್ನೊಂದು ವಿಷಯ ಹೇಳಲೇಬೇಕು. ಇಲ್ಲಿ ಗ್ರೇಟ್ ಸ್ಪ್ಯಾಂಗಲ್ಡ್ ಫ್ರಿಟಿಲರಿ ಅಂತ ಒಂದು ಚಿಟ್ಟೆ ಇದೆ. ಕಿತ್ತಳೆ ರೆಕ್ಕೆ, ಕಪ್ಪು ಚುಕ್ಕೆ, ರೆಕ್ಕೆಯ ಕೆಳಗೆ ಬೆಳ್ಳಿ ಬೊಟ್ಟು. ಇದರ ಮರಿಹುಳು ತಿನ್ನುವುದು ವಯೊಲೆಟ್ ಎಲೆ ಮಾತ್ರ. ಬೇಸಿಗೆಯ ಕೊನೆಗೆ ತಾಯಿ ಚಿಟ್ಟೆ ವಯೊಲೆಟ್ ಇರುವ ಕಡೆ ಮೊಟ್ಟೆ ಇಡುತ್ತದೆ. ಮರಿ ಹೊರಬಂದರೂ ಎಲೆ ಮುಟ್ಟುವುದಿಲ್ಲ. ಹಾಗೇ ತರಗೆಲೆಯಡಿ ಮಲಗಿ, ಇಡೀ ಚಳಿಗಾಲ ಹಿಮದ ಕೆಳಗೆ ಕಳೆದು, ವಸಂತದಲ್ಲಿ ಚಿಗುರು ಬಂದಾಗ ಮೊದಲ ತುತ್ತು ತಿನ್ನುತ್ತದೆ. ನಾವು ನವೆಂಬರ್‌ನಲ್ಲಿ ಎಲೆ ಗುಡಿಸಿ ಚೀಲಕ್ಕೆ ತುಂಬಿದರೆ ಅದೂ ಚೀಲದೊಳಗೇ ಹೋಗುತ್ತದೆ. ಇದು ತಿಳಿದ ಮೇಲೆ ಮೇಪಲ್ ಮರದ ಕೆಳಗೆ ನಾನು ಗುಡಿಸುವುದನ್ನೂ ಹುಲ್ಲು ಕತ್ತರಿಸುವುದನ್ನೂ ಬಿಟ್ಟಿದ್ದೇನೆ. ಚಿಟ್ಟೆ ಇನ್ನೂ ಬಂದಿಲ್ಲ. ಜೂನ್‌ನಲ್ಲಿ ದಿನಾ ಬೆಳಗ್ಗೆ ಅಲ್ಲಿ ಹೋಗಿ ನೋಡುತ್ತೇನೆ.

ನಿಮ್ಮಲ್ಲಿ ಮಳೆ ಹಿಡಿದ ಮೇಲೆ ಬದುವಿನ ಕಡೆ ಹೋಗು. ಪುರುಷರತ್ನ ಕಂಡರೆ ಬಗ್ಗಿ, ಹತ್ತಿರದಿಂದ ಒಂದು ಫೋಟೋ ತೆಗೆದು ಕಳಿಸು. ಆ ಎಸಳಿನ ಗೆರೆಗಳನ್ನು ಇದರ ಗೆರೆಗಳ ಪಕ್ಕ ಇಟ್ಟು ನೋಡಬೇಕು.

ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ ನಿನ್ನ ಗೆಳೆಯ